ಅತ್ತಿಗೆಯ ಏಳನೇ ಅಧ್ಯಾಯ

ನಮ್ಮ ಮನೆಯ ವಾಟ್ಸಾಪ್ ಗುಂಪಿನ ಹೆಸರು ‘ಬೆಟಗೇರಿಯಿಂದ ಖಡಕಿಗೆ’. ಅಜ್ಜ ಮದ್ದುಗುಂಡು ಕಾರ್ಖಾನೆಯ ಕೆಲಸಕ್ಕೆಂದು ಪುಣೆಗೆ ಬಂದು ಇಲ್ಲೇ ಉಳಿದರು, ಅದಕ್ಕೆ ಈ ಹೆಸರು. ಗುಂಪಿನಲ್ಲಿ ಸಾಮಾನ್ಯವಾಗಿ ಬರುವುದು ಬೆಳಗಿನ ಸತ್ಯವೇದದ ವಚನ, ಹುಟ್ಟುಹಬ್ಬದ ಕೇಕು, ಯಾರದೋ ರಕ್ತಪರೀಕ್ಷೆಯ ವರದಿ. ಕಳೆದ ಶನಿವಾರ ಅಣ್ಣ ಹಾಕಿದ್ದು ಅತ್ತಿಗೆ ಬರೆಯುತ್ತಿರುವ ಕಾದಂಬರಿಯ ಒಂದು ಅಧ್ಯಾಯ. 1897ರ ಪುಣೆ, ಪ್ಲೇಗು. ಧಾರವಾಡದ ಮಿಷನ್ ಶಾಲೆಯಲ್ಲಿ ಓದಿದ ದಾದಿ, ಸದಾಶಿವ ಪೇಟೆಯ ಬ್ರಾಹ್ಮಣ ಗುಮಾಸ್ತ. ಡಾಕ್ಟರು ಕೈಚೆಲ್ಲುತ್ತಾರೆ, ಅವಳು ರಾತ್ರಿಯಿಡೀ ಮೊಣಕಾಲೂರಿ ಪ್ರಾರ್ಥಿಸುತ್ತಾಳೆ, ಬೆಳಗಾಗುವಷ್ಟರಲ್ಲಿ ಜ್ವರ ಇಳಿದಿರುತ್ತದೆ. ಎಂಟನೆಯ ಅಧ್ಯಾಯದಲ್ಲಿ ಅವನ ದೀಕ್ಷಾಸ್ನಾನ, ಒಂಬತ್ತರಲ್ಲಿ ಮದುವೆ. ನಡುವೆ ಬಂದ ಶುಭರಾತ್ರಿಗಳನ್ನೂ ಹೂವಿನ ಚಿತ್ರಗಳನ್ನೂ ತೆಗೆದು, ಅತ್ತಿಗೆಯ ಒಪ್ಪಿಗೆ ಪಡೆದು, ಚರ್ಚೆಯನ್ನು ಇಲ್ಲಿ ಹಾಕುತ್ತಿದ್ದೇನೆ.

ಅಣ್ಣ: ಎಲ್ಲರೂ ಓದಿ. ಚೆನ್ನಾಗಿದ್ದರೆ ಅವಳಿಗೆ ಹೇಳಿ. ಚೆನ್ನಾಗಿಲ್ಲದಿದ್ದರೆ ನನಗೆ ಹೇಳಿ.

ಮಾವ (ಖಡಕಿ): ಕರ್ತನಿಗೆ ಸ್ತೋತ್ರ. ಕಣ್ಣು ತುಂಬಿ ಬಂತು. ಜ್ವರ ಇಳಿದ ಬೆಳಗಿನ ಭಾಗವನ್ನು ನಾಳೆ ಸಭೆಯಲ್ಲಿ ಓದಿಸಲು ಸಭಾಪಾಲಕರನ್ನು ಕೇಳುತ್ತೇನೆ.

ದೊಡ್ಡಮ್ಮ (ವಾನವಡಿ): ನಾನೂ ಓದಿದೆ. ಕನ್ನಡ ಸೊಗಸಾಗಿದೆ ಮಗಳೇ. ಒಂದೇ ಮಾತು. ಅವನಿಗೆ ಗಡ್ಡೆ ಕುತ್ತಿಗೆಯಲ್ಲಿ ಎದ್ದಿದೆ ಎಂದು ಬರೆದಿದ್ದೀಯ. ಚಿಗಟ ಹೆಚ್ಚಾಗಿ ಕಚ್ಚುವುದು ಕಾಲಿಗೆ. ಆದ್ದರಿಂದ ಪ್ಲೇಗಿನ ಗಡ್ಡೆ ಹೆಚ್ಚಾಗಿ ಏಳುವುದು ತೊಡೆಸಂದಿನಲ್ಲಿ.

ಅಣ್ಣ: ದೊಡ್ಡಮ್ಮ, ಪ್ರೇಮಕಥೆಯಲ್ಲಿ ಅದನ್ನು ಹೇಗೆ ಬರೆಯುವುದು?

ದೊಡ್ಡಮ್ಮ (ವಾನವಡಿ): ದಾದಿಗೆ ನಾಚಿಕೆಯಾಗುತ್ತದೆ ಎಂದು ರೋಗ ಜಾಗ ಬದಲಿಸುವುದಿಲ್ಲಪ್ಪ. ವಾರ್ಡಿನಲ್ಲಿ ನಾನು ಜೀವನವಿಡೀ ನೋಡಿದ್ದು ಅದನ್ನೇ. ಗಂಡಸರೇ ಹೆಚ್ಚು ನಾಚುತ್ತಾರೆ. ಅದನ್ನು ಬರೆದರೆ ಪ್ರೇಮ ಇನ್ನೂ ಚೆನ್ನಾಗಿ ಬರುತ್ತದೆ.

ತಮ್ಮ (ಮುಂಬೈ): ನನ್ನದೂ ಎರಡು ಆಕ್ಷೇಪ. ಒಂದು, ನಾಯಕಿ ‘ಇಲಿಯ ಮೈಮೇಲಿನ ಚಿಗಟದಿಂದ ಬರುವ ಕಾಯಿಲೆ ಇದು’ ಎನ್ನುತ್ತಾಳೆ. ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯರು ಕರಾಚಿಯಲ್ಲಿ ಅದನ್ನು ಪ್ರಯೋಗ ಮಾಡಿ ತೋರಿಸಿದ್ದೇ 1898ರಲ್ಲಿ. ಅವಳಿಗೆ ಒಂದು ವರ್ಷ ಮುಂಚೆ ಯಾರು ಹೇಳಿದರು? ಇಲಿ ಸತ್ತು ಬಿದ್ದರೆ ಮನೆ ಬಿಡಬೇಕು ಎಂಬುದು ಮಾತ್ರ ಜನರಿಗೆ ತಿಳಿದಿತ್ತು. ಎರಡು, ಡಾಕ್ಟರು ಹಾಫ್‌ಕಿನ್ ಸೂಜಿ ಚುಚ್ಚಿದರೂ ಗುಣವಾಗಲಿಲ್ಲ ಎಂದಿದೆ. ಅದು ಲಸಿಕೆ. ಅದನ್ನು ಕಂಡುಹಿಡಿದ ಹಾಫ್‌ಕಿನ್ 1897ರ ಜನವರಿ 10ರಂದು ಮುಂಬೈಯಲ್ಲಿ ಮೊದಲು ತನಗೇ ಚುಚ್ಚಿಕೊಂಡದ್ದು ರೋಗ ಬಾರದಿರಲಿ ಎಂದು. ಬಂದ ರೋಗಕ್ಕೆ ಅದು ಮದ್ದಲ್ಲ. ಪ್ಲೇಗನ್ನು ಗುಣಪಡಿಸುವ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ.

ಮಾವ (ಖಡಕಿ): ನೋಡಿದಿರಾ, ಮದ್ದೇ ಇರಲಿಲ್ಲ ಎಂದು ಅವನೇ ಹೇಳುತ್ತಿದ್ದಾನೆ. ಹಾಗಿದ್ದ ಮೇಲೆ ಗುಣಪಡಿಸಿದವನು ಯಾರು? ಯಾಕೋಬನ ಪತ್ರಿಕೆ, ಐದನೆಯ ಅಧ್ಯಾಯ. ರೋಗಿ ಸಭೆಯ ಹಿರಿಯರನ್ನು ಕರೆಸಲಿ, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ.

ದೊಡ್ಡಮ್ಮ (ವಾನವಡಿ): ಮದ್ದಿಲ್ಲದಿದ್ದರೂ ಎಲ್ಲರೂ ಸಾಯುವುದಿಲ್ಲ. ಚಿಕಿತ್ಸೆ ಸಿಗದ ಗಡ್ಡೆ ಪ್ಲೇಗಿನಲ್ಲಿ ನೂರಕ್ಕೆ 30ರಿಂದ 60 ಜನ ಸಾಯುತ್ತಾರೆ. ಉಳಿದವರು ಗಡ್ಡೆ ಒಡೆದು, ವಾರಗಟ್ಟಲೆ ನರಳಿ ಏಳುತ್ತಾರೆ. ಒಂದೇ ರಾತ್ರಿಯಲ್ಲಿ ಎದ್ದು ಕೂತು ಗಂಜಿ ಕೇಳುವುದಿಲ್ಲ.

ಇಲ್ಲಿಯವರೆಗೆ ನಾನು ಸುಮ್ಮನಿದ್ದೆ. ನಾದಿನಿ ಬಾಯಿ ತೆರೆದರೆ ಅದಕ್ಕೆ ಬೇರೆಯೇ ಅರ್ಥ ಹುಟ್ಟುತ್ತದೆ. ಆದರೆ ನನಗೆ ಬೇಸರ ತಂದದ್ದು ಚಿಗಟವೂ ಅಲ್ಲ, ಸೂಜಿಯೂ ಅಲ್ಲ.

ನಾನು: ಅತ್ತಿಗೆ, ಸಣ್ಣ ತಪ್ಪುಗಳನ್ನು ಒಂದು ಸಂಜೆಯಲ್ಲಿ ತಿದ್ದಬಹುದು. ನನ್ನ ತಕರಾರು ಲೆಕ್ಕಾಚಾರದ ಬಗ್ಗೆ. ಅವಳು ಪ್ರಾರ್ಥಿಸಿದಳು, ಅವನು ಬದುಕಿದ. ಬದುಕಿದ್ದಕ್ಕೆ ನಂಬಿದ. ನಂಬಿದ್ದಕ್ಕೆ ಹೆಣ್ಣು ಸಿಕ್ಕಿತು. ನೀವು ಕಿಂಡಲ್‌ನಲ್ಲಿ ಓದುವ ಇಂಗ್ಲಿಷ್ ಕಾದಂಬರಿಗಳಲ್ಲೂ ಹೆಚ್ಚಾಗಿ ಇದೇ ಲೆಕ್ಕ. ಜಾಗ ಮಾತ್ರ ಅಮೆರಿಕದ ಹುಲ್ಲುಗಾವಲು, ಜ್ವರದ ಹೆಸರು ಬೇರೆ, ಮೊದಲ ಮುತ್ತು ಕೊನೆಯ ಪುಟದಲ್ಲಿ. ಇದರಲ್ಲಿ ದೇವರು ಕಿರಾಣಿ ಅಂಗಡಿಯವನ ಹಾಗೆ ಕೂತಿದ್ದಾನೆ, ಇತ್ತ ಪ್ರಾರ್ಥನೆ ಕೊಟ್ಟರೆ ಅತ್ತ ಗಂಡ. ಅದೇ ವರ್ಷ, ಇದೇ ಊರಿನಲ್ಲಿ ಏನಾಯಿತು ನೋಡಿ. ಸಾವಿತ್ರಿಬಾಯಿ ಫುಲೆ ಮುಂಢ್ವಾದಿಂದ ಕಾಯಿಲೆಯ ಹುಡುಗನನ್ನು ಹೊತ್ತು ಮಗ ಯಶವಂತರ ಚಿಕಿತ್ಸಾಲಯಕ್ಕೆ ತಂದರು. ತಮಗೇ ಪ್ಲೇಗು ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ದೊಡ್ಡಮ್ಮನ ಮನೆಯಿಂದ ಅರ್ಧ ಗಂಟೆಯ ರಿಕ್ಷಾ ದಾರಿ ಅದು.

ಮಾವ (ಖಡಕಿ): ಅವರ ಬಗ್ಗೆ ಗೌರವವಿದೆಯಮ್ಮಾ. ಆದರೆ ಅವರು ಕ್ರೈಸ್ತರಲ್ಲ. ನಾವು ಮಾತಾಡುತ್ತಿರುವುದು ಕ್ರೈಸ್ತ ಕಾದಂಬರಿ.

ನಾನು: ಸರಿ ಮಾವ, ಕ್ರೈಸ್ತರನ್ನೇ ತೆಗೆದುಕೊಳ್ಳೋಣ. ಪಂಡಿತಾ ರಮಾಬಾಯಿ. ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದಲ್ಲಿ, 1858ರಲ್ಲಿ. ತಂದೆ, ತಾಯಿ, ಅಕ್ಕ ಬರಗಾಲದಲ್ಲಿ ಹೋದರು. ಆಮೇಲೆ ಅಣ್ಣನೂ ಹೋದ. 1880ರಲ್ಲಿ ಜಾತಿ ಮೀರಿ ಬಂಗಾಳದ ವಕೀಲರನ್ನು ಮದುವೆಯಾದರು. ಎರಡು ವರ್ಷವೂ ತುಂಬಲಿಲ್ಲ, ಕಾಲರಾ ಅವರನ್ನೂ ಒಯ್ದಿತು. ಕೈಯಲ್ಲಿ ಹಸುಗೂಸು ಮನೋರಮಾ. ದೀಕ್ಷಾಸ್ನಾನ ಆದದ್ದು 1883ರಲ್ಲಿ, ಇಂಗ್ಲೆಂಡಿನಲ್ಲಿ. ಯಾರೂ ಎದ್ದು ಕೂತಿದ್ದಕ್ಕೆ ಅವರು ನಂಬಲಿಲ್ಲ, ಎಲ್ಲರನ್ನೂ ಕಳೆದುಕೊಂಡ ಮೇಲೆ ನಂಬಿದರು. ಅಂಥ ನಂಬಿಕೆ ನನಗೆ ಈ ಅಧ್ಯಾಯದಲ್ಲಿ ಕಾಣಿಸಲಿಲ್ಲ.

ತಮ್ಮ (ಮುಂಬೈ): ರಮಾಬಾಯಿಯ ಮಾತು ಬಂದದ್ದಕ್ಕೆ ಇನ್ನೊಂದು. ಅತ್ತಿಗೆಯ ಪ್ಲೇಗು ಆಸ್ಪತ್ರೆಯಲ್ಲಿ ಬಿಳಿ ಪರದೆ, ಬಿಳಿ ಹಾಸಿಗೆ, ಕಿಟಕಿಯಾಚೆ ಬೋಗನ್‌ವಿಲ್ಲಾ. ಅಲ್ಲಿ ಹೆಣ್ಣುಮಕ್ಕಳನ್ನು ನಡೆಸಿಕೊಂಡ ರೀತಿಯ ಬಗ್ಗೆ ರಮಾಬಾಯಿ ಆ ವರ್ಷವೇ ಪತ್ರಿಕೆಗೆ ಬರೆದು ಸರ್ಕಾರದ ಸಿಟ್ಟಿಗೆ ಗುರಿಯಾದರು. ಗೋರಾ ಸಿಪಾಯಿಗಳು ಮನೆ ಮನೆ ನುಗ್ಗಿ ರೋಗಿಗಳನ್ನು ಹುಡುಕುತ್ತಿದ್ದ ಕಾಲ. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಗಣೇಶಖಿಂಡ್ ರಸ್ತೆಯಲ್ಲಿ ಪ್ಲೇಗು ಅಧಿಕಾರಿ ರ್‍ಯಾಂಡ್‌ಗೆ ಗುಂಡು ಹಾರಿಸಿದ್ದು ಸುಮ್ಮನೆ ಅಲ್ಲ. ಸದಾಶಿವ ಪೇಟೆಯ ಗುಮಾಸ್ತ ಟಾಂಗಾ ಹತ್ತಿ ತಾನಾಗಿಯೇ ಆ ಆಸ್ಪತ್ರೆಗೆ ಬಂದ ಎಂದರೆ ಆ ಪೇಟೆಯವರು ನಗುತ್ತಾರೆ.

ಇಷ್ಟು ಹೊತ್ತಿಗೆ ಅತ್ತಿಗೆ ಎಲ್ಲವನ್ನೂ ಓದಿದ ನೀಲಿ ಗುರುತು ಬಿದ್ದಿತ್ತು. ಉತ್ತರ ಇರಲಿಲ್ಲ. ಅಣ್ಣ ಬುದ್ಧಿವಂತ, ಹವಾಮಾನದ ಸುದ್ದಿ ಹಾಕಿದ. ಯಾರೂ ಅದನ್ನು ಮೂಸಲಿಲ್ಲ.

ಅತ್ತಿಗೆ: ಚಪಾತಿ ಲಟ್ಟಿಸುತ್ತಿದ್ದೆ. ಈಗ ಹೇಳುತ್ತೇನೆ. ಆಸ್ಪತ್ರೆಯ ವಿಷಯ ಒಪ್ಪಿದೆ, ಬೋಗನ್‌ವಿಲ್ಲಾ ಕಿತ್ತುಹಾಕುತ್ತೇನೆ. ಅವನನ್ನು ಸಿಪಾಯಿಗಳೇ ಎಳೆದು ತರಲಿ, ಅದು ನನ್ನ ಕಥೆಗೂ ಒಳ್ಳೆಯದು. ಆದರೆ ನಾದಿನಿಯವರೇ, ಸಾವಿತ್ರಿಬಾಯಿ, ರಮಾಬಾಯಿ ಅವರ ಬದುಕನ್ನು ಬರೆಯಲು ಬೇಕಾದಷ್ಟು ಜನರಿದ್ದಾರೆ. ನನ್ನ ದಾದಿ ಯಾರೂ ಅಲ್ಲ. ಅವಳ ಹೆಸರಿನ ಪ್ರತಿಮೆ ಎಲ್ಲೂ ಇಲ್ಲ. ಅವಳಿಗೆ ಒಬ್ಬ ಗಂಡ, ಎರಡು ಕೋಣೆಯ ಮನೆ ಸಿಕ್ಕರೆ ನಿಮಗೆ ಯಾಕೆ ಹೊಟ್ಟೆನೋವು? ನಾಯಕ ಸತ್ತರೆ ಸಾಹಿತ್ಯ, ಬದುಕಿದರೆ ಸಂತೆಯ ಸರಕು ಎಂದು ಯಾರು ತೀರ್ಪು ಕೊಟ್ಟರು?

ದೊಡ್ಡಮ್ಮ (ವಾನವಡಿ): ಅದನ್ನು ನಾನೂ ಹೇಳಬೇಕೆಂದಿದ್ದೆ. ದಾದಿಯರ ಹಾಸ್ಟೆಲಿನಲ್ಲಿ ಇಂಥ ಕಾದಂಬರಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ರಟ್ಟು ಕಿತ್ತುಹೋಗಿ, ಮೊದಲ ಹಾಳೆಗಳೇ ಇರುತ್ತಿರಲಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬರ ಮುಖಕ್ಕೆ ಬಟ್ಟೆ ಮುಚ್ಚಿ ಬಂದವಳಿಗೆ, ಮತ್ತೆ ಸಾಯುವವರ ಕಥೆ ಕೊಟ್ಟರೆ ಎತ್ತಿ ಎಸೆಯುತ್ತಿದ್ದೆವು. ನಮಗೆ ಅವನು ಬದುಕಲೇಬೇಕಿತ್ತು. ಇತಿಹಾಸ ಓದುವವರಿಗೆ ಅದು ಅರ್ಥವಾಗುವುದಿಲ್ಲ.

ನಾನು: ಬದುಕಲಿ ದೊಡ್ಡಮ್ಮ. ನಾನು ಅವನನ್ನು ಕೊಲ್ಲು ಎನ್ನಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಇನ್ನೊಬ್ಬನನ್ನು ಮಲಗಿಸಿ ಎನ್ನುತ್ತಿದ್ದೇನೆ. ಅವಳು ಇಬ್ಬರಿಗೂ ಅದೇ ರಾತ್ರಿ, ಅದೇ ಮಾತುಗಳಲ್ಲಿ ಪ್ರಾರ್ಥಿಸಲಿ. ಒಬ್ಬ ಉಳಿಯಲಿ, ಒಬ್ಬ ಹೋಗಲಿ. ನೀವು ಹೇಳಿದ ನೂರಕ್ಕೆ 30ರಿಂದ 60 ಅದೇ ತಾನೇ? ಬೆಳಿಗ್ಗೆ ಅವಳು ಎರಡೂ ಹಾಸಿಗೆಗಳ ನಡುವೆ ನಿಂತು ಏನು ಮಾಡುತ್ತಾಳೆ ಎಂಬುದನ್ನು ನಾನು ಓದಬೇಕು. ಅಲ್ಲಿ ಅವಳಿಗೆ ನಂಬಿಕೆ ಉಳಿದರೆ ನಾನೂ ನಂಬುತ್ತೇನೆ.

ಮಾವ (ಖಡಕಿ): ಅದು ಪ್ರಾರ್ಥನೆಯ ಮೇಲೆ ಸಂಶಯ ಬಿತ್ತುವ ಕೆಲಸ. ಓದಿದ ಮಕ್ಕಳು ಏನು ತಿಳಿದುಕೊಳ್ಳಬೇಕು?

ದೊಡ್ಡಮ್ಮ (ವಾನವಡಿ): ತಮ್ಮಾ, ಸತ್ಯವೇದದಲ್ಲೇ ಎರಡೂ ಇವೆಯಲ್ಲ. ಪೌಲನು ತನ್ನ ಶರೀರದ ಶೂಲ ತೆಗೆಯೆಂದು ಮೂರು ಸಾರಿ ಬೇಡಿಕೊಂಡ. ‘ನನ್ನ ಕೃಪೆಯೇ ನಿನಗೆ ಸಾಕು’ ಎಂದು ಉತ್ತರ ಬಂತು, ಶೂಲ ಹೋಗಲಿಲ್ಲ. ತ್ರೊಫಿಮನು ಕಾಯಿಲೆ ಬಿದ್ದಾಗ ಅವನನ್ನು ಮಿಲೇತದಲ್ಲಿ ಬಿಟ್ಟುಬಂದೆ ಎಂದು ಅದೇ ಪೌಲನು ಬರೆದ. ಇನ್ನು ಅರಸನಾದ ಹಿಜ್ಕೀಯನನ್ನು ನೋಡು. ಗೋಡೆಯ ಕಡೆಗೆ ಮುಖ ತಿರುಗಿಸಿ ಅತ್ತು ಪ್ರಾರ್ಥಿಸಿದ, ದೇವರು ಅವನ ಆಯುಸ್ಸಿಗೆ 15 ವರ್ಷ ಕೂಡಿಸಿದ. ಆದರೂ ಯೆಶಾಯ ಸುಮ್ಮನೆ ಕೂರಲಿಲ್ಲ. ಅಂಜೂರದ ಉಂಡೆ ತರಿಸಿ ಹುಣ್ಣಿನ ಮೇಲೆ ಪಟ್ಟು ಹಾಕಿಸಿದ. ಪ್ರವಾದಿಯೇ ಪಟ್ಟು ಹಾಕಿಸಿದ ಮೇಲೆ ನಮ್ಮ ನಾಯಕಿ ಬರೀ ಮೊಣಕಾಲೂರಿದರೆ ಸಾಲದು. ರಾತ್ರಿಯಿಡೀ ಅವನ ಬಾಯಿಗೆ ನೀರು ಯಾರು ಹಾಕಿದರು? ಹಾಸಿಗೆ ಯಾರು ಬದಲಿಸಿದರು? ಅಧ್ಯಾಯದಲ್ಲಿ ಎಲ್ಲೂ ಇಲ್ಲ.

ಅಣ್ಣ: ಪುರಂದರದ ಅಂಜೂರವೇ ಆಗಬೇಕು. ಸ್ಥಳೀಯ ಬಣ್ಣ.

ಅಣ್ಣನ ಮಾತಿಗೆ ನಾನು ನಕ್ಕೆ. ಆದರೆ ದೊಡ್ಡಮ್ಮನ ಕೊನೆಯ ಎರಡು ಪ್ರಶ್ನೆಗಳ ಮುಂದೆ ನನ್ನ ಉದ್ದುದ್ದ ವಾದ ತೆಳ್ಳಗಾಗಿ ಕಂಡಿತು. ಅತ್ತಿಗೆಗೂ ಹಾಗೇ ಅನ್ನಿಸಿರಬೇಕು.

ಅತ್ತಿಗೆ: ನೀರು, ಹಾಸಿಗೆ ಎರಡೂ ಬರುತ್ತವೆ ದೊಡ್ಡಮ್ಮ. ನಾಳೆ ಸಭೆ ಮುಗಿದ ಮೇಲೆ ನಿಮ್ಮ ಮನೆಗೆ ಬರುತ್ತೇನೆ, ಮಲಗಿದ ರೋಗಿಯ ಕೆಳಗಿನ ಹಾಸುಬಟ್ಟೆ ಹೇಗೆ ಬದಲಿಸುತ್ತಾರೆ ಎಂದು ತೋರಿಸಿ. ಪಕ್ಕದ ಹಾಸಿಗೆಯನ್ನೂ ಹಾಕಿ ನೋಡುತ್ತೇನೆ. ಆದರೆ ಆಗ ನನ್ನ ಕಥೆಯ ಗಂಟೇ ಬಿಚ್ಚಿಹೋಗುತ್ತದೆ. ಪಕ್ಕದವನು ಸತ್ತದ್ದನ್ನು ಕಣ್ಣಾರೆ ಕಂಡವನು ದೀಕ್ಷಾಸ್ನಾನಕ್ಕೆ ಯಾಕೆ ಒಪ್ಪುತ್ತಾನೆ?

ನಾನು: ಒಪ್ಪದಿರಲಿ. ಕನಿಷ್ಠ ಒಂಬತ್ತನೆಯ ಅಧ್ಯಾಯದೊಳಗೆ ಬೇಡ. 1897ರ ಪುಣೆಯಲ್ಲಿ ಬ್ರಾಹ್ಮಣನೊಬ್ಬ ಕ್ರೈಸ್ತನಾದರೆ ಅಪ್ಪ, ಅಮ್ಮ, ಮನೆ, ಊಟದ ಪಂಕ್ತಿ ಎಲ್ಲವೂ ಆ ದಿನವೇ ಮುಚ್ಚುತ್ತಿದ್ದವು. ನಿಮ್ಮ ಅಧ್ಯಾಯದಲ್ಲಿ ಅವನ ತಾಯಿಗೆ ಒಂದು ವಾಕ್ಯವೂ ಇಲ್ಲ. ಮರಾಠಿ ಕವಿ ನಾರಾಯಣ ವಾಮನ ತಿಲಕರು 1895ರಲ್ಲಿ ದೀಕ್ಷಾಸ್ನಾನ ಪಡೆದಾಗ ಹೆಂಡತಿ ಲಕ್ಷ್ಮೀಬಾಯಿ ಒಪ್ಪದೆ ಕೆಲವು ವರ್ಷ ಬೇರೆಯೇ ಇದ್ದರು. ಆಮೇಲೆ ಒಂದಾದರು, ಅವರೂ ದೀಕ್ಷೆ ಪಡೆದರು. ಅದನ್ನೆಲ್ಲ ಲಕ್ಷ್ಮೀಬಾಯಿ ತಮ್ಮ ಆತ್ಮಕಥೆಯಲ್ಲಿ ನಗುನಗುತ್ತಲೇ ಬರೆದಿದ್ದಾರೆ. ಪ್ರೇಮಕಥೆ ಬೇಕಾದರೆ ಅದಕ್ಕಿಂತ ದೊಡ್ಡದು ಎಲ್ಲಿದೆ? ಅಲ್ಲಿ ನಂಬಿಕೆ ಮದುವೆ ಮಾಡಿಸಲಿಲ್ಲ, ಮೊದಲು ಮುರಿಯಿತು.

ಅತ್ತಿಗೆ: ಇದು ಚೆನ್ನಾಗಿದೆ. ತಾಯಿಯನ್ನು ತರಬೇಕು. ತಾಯಿ ಆಸ್ಪತ್ರೆಯ ಬೇಲಿಯ ಹೊರಗೆ ನಿಂತಿರಬಹುದು, ಒಳಗೆ ಬಿಟ್ಟಿರುವುದಿಲ್ಲ. ಆದರೆ ಮದುವೆಯನ್ನು ನಾನು ಬಿಡುವುದಿಲ್ಲ. ಅವನು ದೀಕ್ಷೆ ಪಡೆಯದೆಯೇ ಅವಳನ್ನು ಮದುವೆಯಾದರೆ?

ತಮ್ಮ (ಮುಂಬೈ): 1872ರ ಕ್ರೈಸ್ತ ವಿವಾಹ ಕಾಯ್ದೆಯಲ್ಲಿ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೂ ಸಾಕು. ಆದರೆ ಯಾರ ವೈಯಕ್ತಿಕ ಕಾನೂನು ನಿಷೇಧಿಸುತ್ತದೋ ಅಂಥ ಮದುವೆಯನ್ನು ಈ ಕಾಯ್ದೆ ಸಿಂಧುಗೊಳಿಸುವುದಿಲ್ಲ ಎಂದೂ ಅದರಲ್ಲೇ ಇದೆ. ಅಂದರೆ ಅವನ ಕಡೆಯವರು ನ್ಯಾಯಾಲಯಕ್ಕೆ ಎಳೆಯಬಹುದು. ಅತ್ತಿಗೆ, ನಿಮಗೆ ಇನ್ನೂ ನಾಲ್ಕು ಅಧ್ಯಾಯ ಸಿಕ್ಕಿತು.

ಮಾವ (ಖಡಕಿ): ಕಾಯ್ದೆ ಬದಿಗಿರಲಿ. ಅವಿಶ್ವಾಸಿಗಳೊಂದಿಗೆ ಇಜ್ಜೋಡಾಗಬೇಡಿರಿ ಎಂದು ಕೊರಿಂಥದವರಿಗೆ ಬರೆದದ್ದು ಕಾದಂಬರಿ ಬರೆಯುವವರಿಗೂ ಅನ್ವಯಿಸುತ್ತದೆ. ಒಬ್ಬ ಸಭೆಯ ಹಿರಿಯನಾಗಿ ಹೇಳುತ್ತಿದ್ದೇನೆ.

ಅತ್ತಿಗೆ: ಮಾವ, ಅವನ ಮನಸ್ಸು ತಿರುಗುವುದಿಲ್ಲ ಎಂದು ನಾನು ಎಲ್ಲಿ ಹೇಳಿದೆ? ಪುಸ್ತಕ ಮುಗಿಯುವಷ್ಟರಲ್ಲಿ ತಿರುಗುವುದಿಲ್ಲ ಎಂದೆ, ಅಷ್ಟೇ. ಎರಡನೆಯ ಭಾಗ ಬರೆಯಬಹುದು.

ಮಾವ (ಖಡಕಿ): ದೀಕ್ಷಾಸ್ನಾನವಿಲ್ಲದೆ ಅವರ ಮದುವೆ ಮಾಡಿಸಿದರೆ ಆ ಮದುವೆಗೆ ನಾನು ಬರುವುದಿಲ್ಲ.

ಅಣ್ಣ: ಮಾವ, ಅದು ಕಾದಂಬರಿಯ ಮದುವೆ.

ಮಾವ (ಖಡಕಿ): ಯಾವ ಮದುವೆಯಾದರೇನು, ಬರುವುದಿಲ್ಲ ಎಂದರೆ ಬರುವುದಿಲ್ಲ. ಏಳನೆಯ ಅಧ್ಯಾಯವನ್ನು ತಿದ್ದಿ ಮುಗಿದ ಮೇಲೆ ನನಗೆ ದೊಡ್ಡ ಅಕ್ಷರದಲ್ಲಿ ಕಳುಹಿಸು.