‘ನಾಟ್ ಡಿಟೆಕ್ಟೆಡ್’ಗೆ ಕನ್ನಡದಲ್ಲಿ ಏನನ್ನೋಣ? (ಮರುವಾಯಿಯ ವಿಷಪರೀಕ್ಷೆ)

ಬಳಗದವರಿಗೆ ನಮಸ್ಕಾರ.

ಕರಾವಳಿಯಲ್ಲಿ ಮರುವಾಯಿ, ನೀಲಿಕಲ್ಲು (ಎರಡು ಚಿಪ್ಪುಗಳ ನಡುವೆ ಬದುಕುವ, ತಿನ್ನುವ ಜೀವಿಗಳು) ಹೆಕ್ಕಿ ಮಾರುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಪಾಚಿಯ ವಿಷ ಇವುಗಳ ಮಾಂಸಕ್ಕೆ ಸೇರಿದೆಯೇ ಎಂದು ಲ್ಯಾಬಿನಲ್ಲಿ ನೋಡುವ ಬಗೆಯನ್ನು ವಿವರಿಸುವಾಗ ಒಂದು ಮಾತು ಬಗೆಹರಿಯುತ್ತಿಲ್ಲ. ವರದಿಯಲ್ಲಿ ಬರುವ ‘ನಾಟ್ ಡಿಟೆಕ್ಟೆಡ್’.

‘ವಿಷ ಇಲ್ಲ’ ಎಂದುಬಿಟ್ಟರೆ ತಪ್ಪಾಗುತ್ತದೆ. ಹಳೆಯ ಇಲಿ ಪರೀಕ್ಷೆಯನ್ನೇ ತೆಗೆದುಕೊಳ್ಳಿ. 100 ಗ್ರಾಂ ಮಾಂಸವನ್ನು ಅರೆದು, ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 5 ನಿಮಿಷ ಕುದಿಸಿ, ಆರಿಸಿ, ಅದರ ತಿಳಿಯಲ್ಲಿ 1 ಮಿಲಿಲೀಟರನ್ನು ಸುಮಾರು 20 ಗ್ರಾಂ ತೂಗುವ ಬಿಳಿ ಇಲಿಯ ಹೊಟ್ಟೆಗೆ ಚುಚ್ಚುತ್ತಾರೆ. ಇಲಿ ಎಷ್ಟು ಹೊತ್ತಿಗೆ ಸಾಯುತ್ತದೆ ಎಂಬುದರಿಂದ ಸ್ಯಾಕ್ಸಿಟಾಕ್ಸಿನ್ ಎಂಬ ಪಾಚಿ ವಿಷ ಎಷ್ಟಿದೆಯೆಂದು ಲೆಕ್ಕ ಹಾಕುತ್ತಾರೆ. (ಅಷ್ಟು ಕುದಿಸಿದರೂ ವಿಷ ಉಳಿದಿರುತ್ತದೆ. ಚೆನ್ನಾಗಿ ಬೇಯಿಸಿದರೆ ಸಾಕು ಎನ್ನುವವರು ಇದನ್ನು ಗಮನಿಸಬೇಕು.) 100 ಗ್ರಾಂ ಮಾಂಸದಲ್ಲಿ 80 ಮೈಕ್ರೋಗ್ರಾಂ ದಾಟಿದರೆ ತಿನ್ನಲು ಯೋಗ್ಯವಲ್ಲ ಎಂಬುದು ಹಲವು ದೇಶಗಳ ನಿಯಮ. ಈ ಪರೀಕ್ಷೆಗೆ ಸಿಗುವುದೇ ಸುಮಾರು 40ರಿಂದ ಮೇಲಕ್ಕೆ. 30 ಇದ್ದರೆ ‘ನಾಟ್ ಡಿಟೆಕ್ಟೆಡ್’! ದ್ರವದಲ್ಲಿನ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ಇನ್ನೂ ಕಡಿಮೆಯದನ್ನೂ ಹಿಡಿಯುತ್ತದೆ. ಅದರ ‘ನಾಟ್ ಡಿಟೆಕ್ಟೆಡ್’ ಬೇರೆ, ಇಲಿಯದು ಬೇರೆ.

ಸರಿ, ‘ಪತ್ತೆಯಾಗಿಲ್ಲ’ ಎನ್ನೋಣವೇ? ಕಳ್ಳ ಪತ್ತೆಯಾಗಿಲ್ಲ ಎಂದರೆ ಕಳ್ಳ ಇದ್ದೇ ಇದ್ದಾನೆ, ಕೈಗೆ ಸಿಕ್ಕಿಲ್ಲ ಎಂದೇ ನಾವು ಕೇಳಿಸಿಕೊಳ್ಳುವುದು. ಮಾರುವವರ ವ್ಯಾಪಾರಕ್ಕೆ ಅದು ವಿನಾಕಾರಣ ಪೆಟ್ಟು. ಪಠ್ಯಗಳ ಧಾಟಿಯಲ್ಲಿ ‘ಪತ್ತೆಮಿತಿಗಿಂತ ಕಡಿಮೆ’ ಎನ್ನಬಹುದು, ಅರ್ಥ ಸರಿ, ಆದರೆ ಓದುವವರಿಗೆ ಗಂಟಲಲ್ಲಿ ಇಳಿಯದು. ನನ್ನ ಒಲವು ‘ಅಳತೆಗೆ ಸಿಗುವಷ್ಟಿಲ್ಲ’ ಎಂಬುದರ ಕಡೆಗೆ. ಜೊತೆಗೆ ಯಾವ ವಿಷವನ್ನು ಹುಡುಕಿದರು ಎಂಬುದನ್ನೂ ಸೇರಿಸಲೇಬೇಕು: ‘ಸ್ಯಾಕ್ಸಿಟಾಕ್ಸಿನ್ ಅಳತೆಗೆ ಸಿಗುವಷ್ಟಿಲ್ಲ’. 1987ರಲ್ಲಿ ಕೆನಡಾದಲ್ಲಿ ನೀಲಿಕಲ್ಲಿನ ಜಾತಿಯದನ್ನು ತಿಂದವರನ್ನು ಕಾಡಿದ್ದು ಡೊಮೊಯಿಕ್ ಆಮ್ಲ, ಅದು ಬೇರೆಯೇ ವಿಷ.

ಇಷ್ಟು ಕೂದಲು ಸೀಳುವುದು ಏಕೆಂದರೆ, 1983ರಲ್ಲಿ ಮಂಗಳೂರಿನ ಬಳಿ ಮರುವಾಯಿ ತಿಂದವರು ಸ್ಯಾಕ್ಸಿಟಾಕ್ಸಿನ್ ಬಗೆಯ ವಿಷಕ್ಕೆ ತುತ್ತಾಗಿದ್ದರು. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ನೀಲಿಕಲ್ಲು ತಿಂದು 7 ಜನ ಸತ್ತರು. ಅಂಥ ಕಡೆ ‘ಇಲ್ಲ’ ಎಂದು ಬರೆಯಲು ಕೈ ಬರುವುದಿಲ್ಲ.

ಇನ್ನೊಂದು ಸಣ್ಣ ವಿಚಾರ: ಮರುವಾಯಿ, ಪಚ್ಚಿಲೆ, ಬಳಚು ಎಲ್ಲವನ್ನೂ ಒಟ್ಟಿಗೆ ಹೇಳಲು ‘ಚಿಪ್ಪುಮೀನು’ ನಿಮ್ಮ ಕಡೆ ನಡೆಯುತ್ತದೆಯೇ? ಸಿಗಡಿಯೂ ಅದರಲ್ಲಿ ಸೇರಿದಂತೆ ಕೇಳಿಸುತ್ತದೆಯೇ? ಕುಂದಾಪುರ, ಹೊನ್ನಾವರ, ಕಾರವಾರದವರು ದಯವಿಟ್ಟು ತಿಳಿಸಿ.