ಕೀ ಕೊಡೋಕೆ ಮುಂಚೆ ಜಾಬ್ ಕಾರ್ಡ್ ಓದು, ವೀಣಾ

ವೀಣಾ, ನಿನ್ನ ಮೆಸೇಜು ಈಗ ನೋಡಿದೆ ಕಣಮ್ಮ. 14 ತಿಂಗಳ ಕಾರು, ಹೋಗ್ತಾ ಹೋಗ್ತಾ ಎಳೆತ ಕಳ್ಕೊಳ್ಳುತ್ತೆ, ಎಂಜಿನ್ ಲೈಟು ಹತ್ತುತ್ತೆ, ಎರಡು ದಿನಕ್ಕೆ ತಾನಾಗೇ ಆರುತ್ತೆ. ಶೋರೂಮಿನ ವರ್ಕ್‌ಶಾಪಿಗೆ ನಾಲ್ಕು ಸಲ ಬಿಟ್ಟಾಯ್ತು, ನಾಲ್ಕು ಸಲವೂ "ಸ್ಕ್ಯಾನರಲ್ಲಿ ಏನೂ ತೋರಿಸ್ತಿಲ್ಲ ಮೇಡಂ" ಅಂತ ತೊಳೆದು ವಾಪಸ್ ಕೊಟ್ರು. "ದೊಡ್ಡಪ್ಪ, ಐದನೇ ಸಲ ಅಲ್ಲಿಗೇ ಬಿಡ್ಲಾ, ಹೊರಗಡೆ ಮೆಕ್ಯಾನಿಕ್‌ಗೆ ತೋರಿಸ್ಲಾ" ಅಂತ ಕೇಳಿದ್ದೀಯ. ನನಗೆ ಟೈಪ್ ಮಾಡೋಕೆ ಬೆರಳು ಬಗ್ಗಲ್ಲ, ಮಾತಾಡ್ತೀನಿ. ಡಬಲ್ ಸ್ಪೀಡಲ್ಲಿ ಕೇಳ್ಬೇಡ.

ಮೊದಲೇ ಹೇಳಿಬಿಡ್ತೀನಿ. ಕಾರು ಬಿಡೋವಾಗ ವರ್ಕ್‌ಶಾಪಿನವರು ದೂರು, ಕೆಲಸ ಬರ್ಕೊಳ್ಳೋ ಕಾಗದ ಇದೆಯಲ್ಲ, ಜಾಬ್ ಕಾರ್ಡು, ಅದರಲ್ಲಿ ನಿನ್ನ ದೂರು ನೀನು ಹೇಳಿದ ಹಾಗೇ ಇಲ್ಲ ಅಂದ್ರೆ ಕೀ ಕೊಡಬೇಡ.

ನಮ್ಮ ಬಿಳಿ ಕಾರು ಗೊತ್ತಲ್ಲ ಎಲ್ರಿಗೂ, ಶ್ರೀಧರನ ಮದುವೇಲಿ ಛತ್ರದ ಬಾಗಿಲಿಂದ ತಳ್ಳಿದ್ರಲ್ಲ, ಅದೇ. ಹೊಸದರಲ್ಲೇ, ನಾಲ್ಕು ದಿನ ನಿಲ್ಲಿಸಿದ್ರೆ ಬ್ಯಾಟರಿ ಸತ್ತಿರ್ತಿತ್ತು. ವರ್ಕ್‌ಶಾಪಿನವರು ಒಂದ್ಸಲ ಚಾರ್ಜ್ ಮಾಡಿದ್ರು, ಇನ್ನೊಂದ್ಸಲ ಬ್ಯಾಟರೀನೇ ಬದಲಾಯಿಸಿದ್ರು. ಹೊಸ ಬ್ಯಾಟರಿಯೂ ಹಾಗೇ ಸತ್ತಿತು. ಬ್ಯಾಟರಿ ಏನು ಮಾಡುತ್ತೆ ಪಾಪ! ಈಗಿನ ಕಾರಲ್ಲಿ ಬಾಗಿಲಿಗೊಂದು, ಬ್ರೇಕಿಗೊಂದು ಅಂತ ಹತ್ತಾರು ಕಂಪ್ಯೂಟರ್ ಇರುತ್ತೆ. ಲಾಕ್ ಮಾಡಿದ ಮೇಲೆ ಒಂದೊಂದೇ ನಿದ್ದೆಗೆ ಹೋಗಬೇಕು. ಅರ್ಧ ಗಂಟೆ ಕಳೆದ ಮೇಲೆ ಇಡೀ ಕಾರು ಎಳೆಯೋದು ಸುಮಾರು 50 ಮಿಲಿಆಂಪಿಯರ್ ಒಳಗಿರಬೇಕು. ನಮ್ಮದು 400 ಎಳೀತಿತ್ತು. ಲೆಕ್ಕ ಹಾಕಿ, ದಿನಕ್ಕೆ 9.6 ಆಂಪಿಯರ್-ಅವರ್. 60ರ ಬ್ಯಾಟರೀಲಿ ನಾಲ್ಕು ದಿನಕ್ಕೆ 38 ಖಾಲಿ. ಇನ್ನೆಲ್ಲಿ ಸ್ಟಾರ್ಟರ್ ತಿರುಗುತ್ತೆ?

ವರ್ಕ್‌ಶಾಪಿನ ಹುಡುಗ ಬಾನೆಟ್ ತೆಗೆದು, ಬಾಗಿಲು ತೆಗೆದು, ಕರೆಂಟ್, ವೋಲ್ಟ್ ಅಳೆಯೋ ಮೀಟರ್ ಎರಡು ನಿಮಿಷ ಇಟ್ಟು, ಒಂದೊಂದೇ ಫ್ಯೂಸ್ ಕಿತ್ತು ನೋಡ್ತಿದ್ದ. ಬಾಗಿಲು ತೆಗೆದಿದ್ರೆ ಕಾರು ಎಚ್ಚರವಾಗೇ ಇರುತ್ತಲ್ಲಪ್ಪ. ಫ್ಯೂಸ್ ಕಿತ್ತು ವಾಪಸ್ ಹಾಕಿದ್ರೂ ಮಲಗಿದ್ದದ್ದು ಎದ್ದು ಕೂರುತ್ತೆ. ಬಾಗಿಲಿನ ಲ್ಯಾಚನ್ನ ಸ್ಕ್ರೂಡ್ರೈವರಲ್ಲಿ ಒತ್ತಿ, ಮುಚ್ಚಿದೆ ಅಂತ ಕಾರಿಗೆ ನಂಬಿಸಬೇಕು. ರಿಮೋಟ್ ಕೀ ದೂರ ಇಡಬೇಕು. ನಲವತ್ತು ನಿಮಿಷ ಸುಮ್ಮನಿರಬೇಕು. ಆಮೇಲೆ ಫ್ಯೂಸ್ ಕೀಳದೆ, ಅದರ ಬೆನ್ನ ಮೇಲೆ ಕಾಣೋ ಎರಡು ಲೋಹದ ಚುಕ್ಕಿಗೆ ಮೀಟರಿನ ಮುಳ್ಳು ತಾಗಿಸಿ ಮಿಲಿವೋಲ್ಟ್ ನೋಡಬೇಕು. ಸೊನ್ನೆ ಇದ್ರೆ ಆ ದಾರೀಲಿ ಕರೆಂಟ್ ಹೋಗ್ತಿಲ್ಲ. ಕೊನೆಗೆ ಸಿಕ್ಕಿದ್ದು ಡಿಕ್ಕಿ ಲ್ಯಾಚಿನ ಒಳಗಿನ ಮೈಕ್ರೋಸ್ವಿಚ್ಚು, ಉಗುರಿನಷ್ಟು. ಡಿಕ್ಕಿ ಮುಚ್ಚಿದ್ರೂ ತೆಗೆದಿದೆ ಅಂತ ಹೇಳ್ತಿತ್ತು, ಅದನ್ನ ನಂಬಿದ ಕಂಪ್ಯೂಟರ್ ರಾತ್ರಿಯೆಲ್ಲಾ ಕಣ್ಣು ಬಿಟ್ಕೊಂಡಿರ್ತಿತ್ತು.

ಅದು ಸಿಗೋ ಹೊತ್ತಿಗೆ ವಾರಂಟಿ ಮುಗಿದಿತ್ತು. ದೂರು ವಾರಂಟಿ ಒಳಗಿನದೇ ಅಲ್ವಾ ಅಂದ್ರೆ, ಹಳೇ ಜಾಬ್ ಕಾರ್ಡು ತೋರಿಸಿ ಅಂದ್ರು. ತೆಗೆದು ನೋಡಿದ್ರೆ ಒಂದರಲ್ಲಿ "ಜನರಲ್ ಚೆಕಪ್", ಇನ್ನೊಂದರಲ್ಲಿ "ಬ್ಯಾಟರಿ ಚಾರ್ಜ್", ಮತ್ತೊಂದರಲ್ಲಿ "ವಾಶಿಂಗ್". "ನಿಲ್ಲಿಸಿದಾಗ ಬ್ಯಾಟರಿ ಇಳಿಯುತ್ತೆ" ಅನ್ನೋ ಮಾತು ಒಂದರಲ್ಲೂ ಇಲ್ಲ. ಬಾಯಲ್ಲಿ ಎಷ್ಟು ಸಲ ಹೇಳಿದ್ದೆ! ಕಾಗದದಲ್ಲಿ ಇಲ್ಲದಿದ್ರೆ ಹೇಳೇ ಇಲ್ಲ ಅಂತ ಲೆಕ್ಕ. ಅದಕ್ಕೇ ಮತ್ತೆ ಹೇಳ್ತೀನಿ, ಜಾಬ್ ಕಾರ್ಡಲ್ಲಿ ನಿನ್ನ ಮಾತು ಇಲ್ದೆ ಕೀ ಕೊಡಬೇಡ.

ಅವರಿಗೂ ಒಂದು ಕಷ್ಟ ಇದೆ ಅನ್ನು. ವಾರಂಟಿ ಕೆಲಸಕ್ಕೆ ಕಂಪನಿ ವರ್ಕ್‌ಶಾಪಿಗೆ ಕೊಡೋದು ಕೆಲಸಕ್ಕಿಷ್ಟು ಗಂಟೆ ಅಂತ ಕಟ್ಟಿದ ಲೆಕ್ಕ. ಬಂದು ಹೋಗೋ ತೊಂದರೆನ ಹುಡುಕ್ತಾ ದಿನವೆಲ್ಲಾ ಕೂತ್ರೆ ಅದಕ್ಕೆ ಸರಿಯಾಗಿ ದುಡ್ಡು ಹುಟ್ಟಲ್ಲ. ಹುಡುಗ ಪಕ್ಕದ ಕಾರಿಗೆ ಹೋಗ್ತಾನೆ.

ಆದ್ರೂ ನಿಮ್ಮೆಲ್ಲರ ಮೇಲೂ ನನಗೆ ಬೇಜಾರಿದೆ. ಕಾರು ತಗೊಳ್ಳೋವಾಗ ಬಣ್ಣ ಯಾವುದು ಅಂತ ನಮ್ಮ ಫ್ಯಾಮಿಲಿ ಗ್ರೂಪನ್ನೆಲ್ಲಾ ಕೇಳಿದ್ರಿ, ಎಂಜಿನ್ ಯಾವುದು ಅಂತ ನನ್ನ ಒಬ್ಬನ್ನ ಕೇಳಲಿಲ್ಲ. ಮೀಟರ್ ಬೇಕಾದಾಗ ಮಾತ್ರ ದೊಡ್ಡಪ್ಪ. ರವಿ ತಗೊಂಡು ಹೋದ, 10 ಆಂಪಿಯರ್ ರೇಂಜಲ್ಲಿ ಬ್ಯಾಟರಿ ಕರೆಂಟೆಲ್ಲಾ ಮೀಟರೊಳಗೇ ಹರಿಯೋ ಹಾಗೆ ಸರಣೀಲಿ ಹಾಕ್ಕೊಂಡು ಕೀ ತಿರುಗಿಸಿದ. ಸ್ಟಾರ್ಟರ್ ನೂರು ಆಂಪಿಯರ್ ಮೇಲೆ ಎಳೆಯುತ್ತೆ ಮಾರಾಯ! ಮೀಟರಿನ ಒಳಗಿನ ಫ್ಯೂಸ್ ಹೋಯ್ತು, ಬಾಯಿ ಬಿಡದೆ ವಾಪಸ್ ತಂದಿಟ್ಟ. ನಾನು ಹಾಕಿ ನೋಡಿದ್ರೆ ಸೊನ್ನೆ. ಸೋರಿಕೆ ನಿಂತೇ ಹೋಯ್ತು ಅಂತ ಒಂದು ಸಂಜೆಯೆಲ್ಲಾ ಖುಷಿಪಟ್ಟೆ.

ಅಯ್ಯೋ, ನೀನು ಕೇಳಿದ್ದಕ್ಕೆ ಉತ್ತರನೇ ಹೇಳಲಿಲ್ಲ ನೋಡು.

ಹೊರಗಿನವನ ಹತ್ರ ಕಾರಿನ ಕಂಪ್ಯೂಟರ್ ಬರೆದಿಟ್ಟಿರೋ ತೊಂದರೆಯ ಕೋಡು ಓದಿಸು, ಏನನ್ನೂ ಬಿಚ್ಚಿಸಬೇಡ. ಸ್ಟೀರಿಂಗ್ ಕೆಳಗೆ ಆ ಕೋಡು ಓದೋಕೆ ಅಂತಲೇ 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತೆ, ಬ್ಲೂಟೂತ್ ರೀಡರ್ ಒಂದು ತಗೊಂಡ್ರೆ ಫೋನಲ್ಲಿ ನೀನೇ ಓದಬಹುದು. ಲೈಟು ಹತ್ತಿದ ಕೂಡಲೇ ಕಾರು ಪಕ್ಕಕ್ಕೆ ಹಾಕಿ, ಕೋಡು ಮತ್ತು "ಫ್ರೀಜ್ ಫ್ರೇಮ್" ಎರಡರದ್ದೂ ಸ್ಕ್ರೀನ್‌ಶಾಟ್ ತೆಗಿ. ಕೋಡು ಬಿದ್ದ ಗಳಿಗೇಲಿ ವೇಗ, ಆರ್‌ಪಿಎಂ, ಎಂಜಿನ್ ಬಿಸಿ, ಲೋಡು ಎಷ್ಟಿತ್ತು ಅಂತ ಅದರಲ್ಲಿರುತ್ತೆ. "ಕ್ಲಿಯರ್" ಮಾತ್ರ ಒತ್ತಬೇಡ, ಎಲ್ಲಾ ಅಳಿಸಿಹೋಗುತ್ತೆ. ಬ್ಯಾಟರಿ ಟರ್ಮಿನಲ್ ಬಿಚ್ಚಿದ್ರೂ ಎಷ್ಟೋ ಕಾರಲ್ಲಿ ಅದೇ ಗತಿ. ಇನ್ನೊಂದು, ಮೂರು ಸಲ ತೊಂದರೆ ಇಲ್ದೆ ಓಡಿದ್ರೆ ಲೈಟು ಆರುತ್ತೆ, ಆದ್ರೆ ಕೋಡು ಸುಮಾರು 40 ಸಲ ಎಂಜಿನ್ ಬಿಸಿಯಾಗಿ ತಣಿಯೋವರೆಗೂ ಒಳಗೇ ಇರುತ್ತೆ. ಹಾಗಿದ್ಮೇಲೆ ಎರಡು ದಿನದ ಹಿಂದೆ ಹತ್ತಿದ್ದ ಲೈಟಿಗೆ "ಏನೂ ತೋರಿಸ್ತಿಲ್ಲ" ಅಂದ್ರೆ, ಯಾರೋ ಅಳಿಸಿದ್ದಾರೆ, ಇಲ್ಲಾ ಹಿಸ್ಟರಿ ನೋಡೇ ಇಲ್ಲ.

ಕೋಡಿಗೆ ತಕ್ಷಣ ಪಾರ್ಟ್ ಹಾಕ್ಸೋಕೂ ಹೋಗಬೇಡ. ಪಿ 0087 ಬಂತು ಅಂತಿಟ್ಕೋ, ಇಂಧನದ ಒತ್ತಡ ಕಮ್ಮಿ ಅಂತ ಅರ್ಥ ಅಷ್ಟೆ. ಫಿಲ್ಟರ್ ಕಟ್ಟಿರಬಹುದು, ಟ್ಯಾಂಕಿನ ಪಂಪ್ ಸೋತಿರಬಹುದು, ಹೈ ಪ್ರೆಶರ್ ಪಂಪ್ ಇರಬಹುದು, ಸೆನ್ಸಾರಿನ ವೈರು ಸಡಿಲ ಆಗಿರಬಹುದು.

ಜಾಬ್ ಕಾರ್ಡಲ್ಲಿ ಹೀಗೆ ಬರೆಸು: "40 ನಿಮಿಷ ಓಡಿದ ಮೇಲೆ, ಏರಿನಲ್ಲಿ, 80ರ ವೇಗದಲ್ಲಿ, ಟ್ಯಾಂಕ್ ಅರ್ಧಕ್ಕಿಂತ ಕಮ್ಮಿ ಇದ್ದಾಗ ಎಳೆತ ಹೋಗುತ್ತದೆ, ಆಫ್ ಮಾಡಿ ಮತ್ತೆ ಹಾಕಿದರೆ ಸರಿಯಾಗುತ್ತದೆ." ನಿನಗೆ ಆಗೋದು ಹೇಗೋ ಹಾಗೆ. ಬಿಡೋವಾಗ, ತಗೊಳ್ಳೋವಾಗ ಓಡೋಮೀಟರ್ ಫೋಟೋ ಇರಲಿ. ರೋಡ್ ಟೆಸ್ಟ್ ಮಾಡಿದ್ವಿ ಅಂತಾರೆ, ಓಡೋಮೀಟರ್ ನೋಡಿದ್ರೆ ಓಡಿರೋದು 1 ಕಿಲೋಮೀಟರ್. 40 ನಿಮಿಷಕ್ಕೆ ಬರೋ ತೊಂದರೆ ಗೇಟ್ ದಾಟೋದ್ರಲ್ಲಿ ಬರುತ್ತಾ? ಟೆಕ್ನಿಷಿಯನ್‌ನ ಪಕ್ಕದಲ್ಲಿ ಕೂರಿಸ್ಕೊಂಡು, ಅವನ ಸ್ಕ್ಯಾನರಲ್ಲಿ ರೆಕಾರ್ಡಿಂಗ್ ಹಾಕಿಸಿ, ನೀನೇ ಓಡಿಸು.

ಆಗಲೂ ಸಿಗದಿದ್ರೆ, ದೂರು ಬರ್ಕೊಳ್ಳೋ ಅಡ್ವೈಸರ್ ಹತ್ರ ಜಗಳ ಬೇಡ. ಸರ್ವಿಸ್ ಮ್ಯಾನೇಜರ್‌ಗೆ ಎರಡು ಕೇಳು: ಈ ಕಾರಿಗೆ ಕಂಪನಿಯಿಂದ ಸರ್ವಿಸ್ ಬುಲೆಟಿನ್, ಅಂದ್ರೆ ಗೊತ್ತಿರೋ ತೊಂದರೆನ ಹೇಗೆ ಸರಿಮಾಡೋದು ಅನ್ನೋ ಸೂಚನೆ, ಬಂದಿದೆಯಾ, ಕಂಪನಿಯ ಟೆಕ್ನಿಕಲ್ ಟೀಮಿಗೆ ಕೇಸ್ ಕಳಿಸಿದ್ದೀರಾ, ನಂಬರ್ ಎಷ್ಟು. ಅದೇ ರಾತ್ರಿ ಕಂಪನಿಗೆ ಇಮೇಲ್ ಹಾಕು, ನಾಲ್ಕೂ ತಾರೀಖು, ಜಾಬ್ ಕಾರ್ಡ್ ನಂಬರ್, ಚಾಸಿಸ್ ನಂಬರ್ ಸಮೇತ. ಚಾಸಿಸ್ ನಂಬರಲ್ಲಿ 17 ಅಕ್ಷರ ಇರುತ್ತೆ, ಎಣಿಸ್ಕೋ. ಗುಂಡಗೆ ಕಂಡಿದ್ದೆಲ್ಲಾ ಸೊನ್ನೆ, ಅದರಲ್ಲಿ "ಓ" ಬರೋದೇ ಇಲ್ಲ. ಐದನೇ ಸಲಕ್ಕೆ ಅದೇ ಕಂಪನಿಯ ಬೇರೆ ವರ್ಕ್‌ಶಾಪ್ ಆದ್ರೂ ಸರಿ, ವಾರಂಟಿ ಕಂಪನಿದು, ಆ ಒಂದು ಅಂಗಡೀದಲ್ಲ. ವಾಪಸ್ ತಗೊಳ್ಳೋವಾಗ "ತೃಪ್ತಿಯಾಗಿದೆ" ಅನ್ನೋ ಕಡೆ ಸುಮ್ಮನೆ ಸೈನ್ ಹಾಕಬೇಡ, "ತೊಂದರೆ ಪತ್ತೆಯಾಗಿಲ್ಲ, ದೂರು ಹಾಗೇ ಇದೆ" ಅಂತ ಬರೆದು ಹಾಕು.

ರವಿ, ಕೇಳಿಸ್ಕೊಳ್ತಿದ್ದೀಯ ತಾನೆ? ಆ ಮೀಟರಿನ ಫ್ಯೂಸು 10 ಆಂಪಿಯರ್ ಸೆರಾಮಿಕ್ದು. ಗಾಜಿನದ್ದು ತರಬೇಡ.