ಕಲಬುರಗಿಯಿಂದ ಸಮುದ್ರಕ್ಕ: ಮಕ್ಕಳ ಜೋಡಿ ಎಲ್ಲೆಲ್ಲಿ?

ಪ್ರಶ್ನೆ: ಡಿಸೆಂಬರ್‌ನಾಗ ಉಡುಪಿ, ಮಂಗಳೂರಿಗೆ ಹೊಂಟೀವಿ. ಜೋಡಿ ಅವ್ವ, ಸಣ್ಣ ಹುಡುಗರು ಅದಾರ. ಬೀಚು, ಗಾರ್ಡನ್ನು, ತಿನ್ನೋದು ಎಲ್ಲಿ ಚಲೋ ರೀ?

ಉತ್ತರ 1: ಪಡುಬಿದ್ರಿ ಬೀಚಿಗೆ 2020ರಾಗ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡೋ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕದ, ಹುಡುಗರಿಗೆ ಅದೇ ಛಲೋ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕ ಬೆಳಿಗ್ಗೆನೇ ಬೋಟ್ ಹಿಡೀರಿ. ಲಾವಾ ಆರಿ ಆದ ಷಟ್ಕೋನದ ಕಲ್ಲಿನ ಕಂಬ ನೋಡಲೇಬೇಕು. ದಂಡಿ ತುಂಬ ಚಿಪ್ಪಿನ ಚೂರು, ಬರಿಗಾಲು ಕೊಯ್ತದ. ಹಿಂದ ಪಟ್ಟಿ ಇರೋ ಚಪ್ಪಲಿನೇ ಹಾಕಸ್ರಿ.

ಉತ್ತರ 2: ಗಾರ್ಡನ್ ಅಂದ್ರ ಮಂಗಳೂರಿನ ಕದ್ರಿ ಪಾರ್ಕ್, ಸಂಜಿಗೆ ಹೋಗ್ರಿ. ಆಮ್ಯಾಲ ಗಡ್‌ಬಡ್ ಐಸ್‌ಕ್ರೀಮ್. ಅವ್ವಗ ನೀರುದೋಸೆ ಮೆತ್ತಗಿರ್ತದ. ಊಟಕ್ಕ ‘ಬೆಳ್ತಿಗೆ ಅನ್ನ’ (ನಮ್ಮ ಬಿಳಿ ಅನ್ನ) ಕೇಳ್ರಿ, ಇಲ್ಲಾಂದ್ರ ಕುಚಲಕ್ಕಿ (ಭತ್ತ ಕುದಿಸಿ ಮಾಡಿದ ದಪ್ಪ ಅಕ್ಕಿ) ಅನ್ನ ಬರ್ತದ.

ಉತ್ತರ 3: ಅಲೆ ಮುರಿಯೋ ಸಾಲಿನ ನಡುವ ಒಂದು ಪಟ್ಟಿ ಶಾಂತ ಕಂಡ್ರ ಅಲ್ಲಿ ಇಳೀಬ್ಯಾಡ್ರಿ, ನೀರು ಒಳಗ ಎಳಿಯೋದು ಅಲ್ಲೇ. ಸಿಕ್ಕೊಂಡ್ರ ದಂಡಿಗೆ ಸಮಾನಾಂತರ ಈಜಬೇಕು. ನಮ್ಮ ಕಡಿ ಬಿಸಿಲು ಒಣದು. ಅಲ್ಲಿ ಬೆವರು ಆರಂಗಿಲ್ಲ, ನೀರು ಜಾಸ್ತಿ ಕುಡಸ್ರಿ.